ಎಂಟು ಜನರ ಮನೆಗೆ ದೊಡ್ಡ ಕ್ಯಾರವಾನ್: ಎಳೆಯುವುದೋ, ಓಡಿಸುವುದೋ?

ಕೊಪ್ಪಳ_ಕಿರಾಣಿ
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳದಲ್ಲಿ ಕೂಡು ಕುಟುಂಬ. ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ತಮ್ಮ, ತಮ್ಮನ ಹೆಂಡತಿ, ನಮ್ಮಿಬ್ಬರದು ಒಂದೊಂದು ಮಗು, ಒಟ್ಟು ಎಂಟು ಜನ. ದಸರೆಗೆ ಮತ್ತು ಬೇಸಿಗೆ ರಜೆಗೆ ಎಲ್ಲರೂ ಕೂಡಿಯೇ ಹೊರಡುವ ರೂಢಿ. ಇಟಗಿ, ಕನಕಗಿರಿಯಿಂದ ಹಿಡಿದು ಬಾದಾಮಿ, ಮಂತ್ರಾಲಯ, ಶ್ರೀಶೈಲದವರೆಗೆ ಹೋಗುತ್ತೇವೆ. ಅವ್ವನಿಗೆ ಮೊಣಕಾಲು ನೋವು, ಅಪ್ಪನಿಗೆ ಸಕ್ಕರೆ ಕಾಯಿಲೆ. ಹೀಗಾಗಿ ದಾರಿಯುದ್ದಕ್ಕೂ ಶೌಚಾಲಯ ಹುಡುಕುವುದರಲ್ಲೇ ಪ್ರವಾಸದ ಅರ್ಧ ಹೊತ್ತು ಕಳೆಯುತ್ತದೆ.

ಹೊರದೇಶದವರು ಕಾರಿನ ಹಿಂದೆ ಎಳೆದೊಯ್ಯುವ ದೊಡ್ಡ ಕ್ಯಾರವಾನಿನ, ಅಂದರೆ ಚಕ್ರದ ಮೇಲಿನ ಮನೆಯ, ವಿಡಿಯೋಗಳನ್ನು ತಮ್ಮ ದಿನವೂ ತೋರಿಸುತ್ತಿದ್ದಾನೆ. ಮನೆಯಲ್ಲಿ ಏಳು ಆಸನದ ಡೀಸೆಲ್ ಕಾರು ಇದ್ದೇ ಇದೆ, ಅದಕ್ಕೊಂದು ಕೊಂಡಿ ಹಾಕಿಸಿ ಎಂಟು ಹಾಸಿಗೆಯ ಕ್ಯಾರವಾನ್ ಎಳೆಯೋಣ ಎಂಬುದು ಅವನ ವಾದ. ಟಿ.ಟಿ. (ಟೆಂಪೊ ಟ್ರಾವೆಲರ್) ಗಾಡಿಯನ್ನೇ ಮನೆಯಂತೆ ಕಟ್ಟಿಸಬೇಕೆಂದು ನನಗೆ ಅನಿಸುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

ಸಿಂಧನೂರು_ಟಿಟಿ
ಅಣ್ಣಾ, ಒಂದೇ ಪ್ರಶ್ನೆ. ಏಳು ಆಸನದ ಕಾರಿನಲ್ಲಿ ಎಂಟು ಜನ ಎಲ್ಲಿ ಕೂರುತ್ತೀರಿ?

ಕೊಪ್ಪಳ_ಕಿರಾಣಿ
ಇಬ್ಬರು ಹಿಂದಿನ ಕ್ಯಾರವಾನಿನಲ್ಲಿ ಮಲಗಿಕೊಂಡು ಬರುತ್ತಾರೆ ಎನ್ನುತ್ತಾನೆ ತಮ್ಮ.

ಕುಷ್ಟಗಿ_ಟು_ಲೀಡ್ಸ್
ತಮ್ಮನವರಿಗೆ ದಯವಿಟ್ಟು ಇದನ್ನು ಓದಿ ಹೇಳಿ. ನಾನು ಕುಷ್ಟಗಿಯವನು, ಈಗ ಇಂಗ್ಲೆಂಡಿನಲ್ಲಿದ್ದೇನೆ. ನಮ್ಮ ಬೀದಿಯಲ್ಲಿ ನಾಲ್ಕಾರು ಮನೆಗಳ ಮುಂದೆ ಇಂತಹ ಕ್ಯಾರವಾನ್ ನಿಂತಿವೆ, ನಾವೂ ಎಳೆದು ತಿರುಗುತ್ತೇವೆ. ಓಡುತ್ತಿರುವ ಕ್ಯಾರವಾನಿನೊಳಗೆ ಯಾರೂ ಇರುವಂತಿಲ್ಲ, ಇಲ್ಲಿನ ಕಾನೂನು ಅದಕ್ಕೆ ಒಪ್ಪುವುದಿಲ್ಲ. ಕಾನೂನನ್ನು ಬದಿಗಿಟ್ಟು ನೋಡಿದರೂ, ಅದರ ಗೋಡೆಗಳು ತೆಳುವಾದ ಅಲ್ಯುಮಿನಿಯಂ ಅಥವಾ ಫೈಬರ್ ಹಾಳೆ, ನಡುವೆ ಫೋಮ್. ಪಲ್ಟಿಯಾದರೆ ಒಳಗಿದ್ದವರನ್ನು ಕಾಯುವ ಚೌಕಟ್ಟು ಅದರಲ್ಲಿಲ್ಲ.

ಎರಡನೆಯ ಮಾತು ತೂಕದ್ದು. ಆರು ಜನ ಮಲಗುವ ಎರಡು ಅಚ್ಚಿನ ದೊಡ್ಡ ಕ್ಯಾರವಾನ್ ಸಾಮಾನು ತುಂಬಿದ ಮೇಲೆ ಸುಮಾರು 1,600ರಿಂದ 1,900 ಕಿಲೋ ತೂಗುತ್ತದೆ. ಕ್ಯಾರವಾನಿನ ತುಂಬಿದ ತೂಕವು ಎಳೆಯುವ ಕಾರಿನ ಖಾಲಿ ತೂಕದ ಶೇ. 85ನ್ನು ಮೀರದಿರಲಿ ಎಂದು ಇಲ್ಲಿ ಹೊಸಬರಿಗೆ ಹೇಳಿಕೊಡುತ್ತಾರೆ. ಅದು ಕಾನೂನಲ್ಲ, ಅನುಭವಸ್ಥರ ಸಲಹೆ. 1,800 ಕಿಲೋ ಕ್ಯಾರವಾನಿಗೆ 2,100 ಕಿಲೋ ದಾಟಿದ ಕಾರು ಬೇಕೆಂದಾಯಿತು. ಕೊಂಡಿಯ ಮೇಲೆ ಬೀಳುವ ಮೂತಿಭಾರವೂ ಕ್ಯಾರವಾನಿನ ತೂಕದ ಶೇ. 5ರಿಂದ 7ರೊಳಗೆ ಇರಬೇಕು. ಅದು ಕಡಿಮೆಯಾದರೆ, ಅಂದರೆ ಸಾಮಾನನ್ನೆಲ್ಲ ಹಿಂಭಾಗಕ್ಕೆ ತುಂಬಿದರೆ, ಇಳಿಜಾರಿನಲ್ಲಿ ಕ್ಯಾರವಾನ್ ಅತ್ತಿತ್ತ ತೂಗಾಡಲು ಶುರುಮಾಡಿ ಕಾರನ್ನೂ ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ.

ಸಿಂಧನೂರು_ಟಿಟಿ
ಕ್ಯಾರವಾನಿನಲ್ಲಿ ಯಾರೂ ಕೂರುವಂತಿಲ್ಲ ಎಂದ ಮೇಲೆ ಎಂಟು ಜನರ ಮನೆಗೆ ಎಳೆಯುವ ಕ್ಯಾರವಾನ್ ಆಗಿಬರುವುದಿಲ್ಲ. ಮಾತು ಮುಗಿಯಿತು.

ಸಂಡೂರು_ಸವಾರಿ
ಅಷ್ಟು ಬೇಗ ಮುಗಿಸಬೇಡಿ ಸರ್. ಎಳೆಯುವ ಕ್ಯಾರವಾನಿಗೆ ಒಂದು ದೊಡ್ಡ ಅನುಕೂಲವಿದೆ. ಅದನ್ನು ಒಂದು ಕಡೆ ನಿಲ್ಲಿಸಿ ಕಾರನ್ನು ಬಿಡಿಸಿಕೊಂಡು ಹಂಪಿಯೊಳಗೆ, ಆನೆಗೊಂದಿಯ ಸಂದಿಗಳಲ್ಲಿ, ಸಣಾಪುರದ ಕೆರೆ ದಂಡೆಯಲ್ಲಿ ಸಲೀಸಾಗಿ ತಿರುಗಬಹುದು. ಮನೆಯನ್ನೇ ಹೊತ್ತ ಟಿ.ಟಿ.ಯಲ್ಲಿ ಒಂದು ಹಾಲಿನ ಪ್ಯಾಕೆಟ್ ತರಬೇಕಾದರೂ ಮಂಚ, ಒಲೆ, ಪಾತ್ರೆಗಳೊಂದಿಗೇ ಹೊರಡಬೇಕು.

ಕುಷ್ಟಗಿ_ಟು_ಲೀಡ್ಸ್
ಆ ಮಾತು ನಿಜ. ಇಲ್ಲಿನವರು ಎಳೆಯುವ ಕ್ಯಾರವಾನನ್ನೇ ಮೆಚ್ಚುವುದಕ್ಕೆ ಮುಖ್ಯ ಕಾರಣವೇ ಅದು. ಆದರೆ ಅದನ್ನು ಬಿಡಿಸಿ ನಿಲ್ಲಿಸಲು ಇಲ್ಲಿ ಗೊತ್ತಾದ ಜಾಗಗಳಿವೆ. ಹತ್ತು ಅಥವಾ ಹದಿನಾರು ಆಂಪಿಯರಿನ ವಿದ್ಯುತ್ ಕಂಬ, ಕುಡಿಯುವ ನೀರಿನ ನಲ್ಲಿ, ಶೌಚದ ಡಬ್ಬಿ ಖಾಲಿ ಮಾಡುವ ಗುಂಡಿ, ರಾತ್ರಿ ಕಾಯುವ ಜನ, ಎಲ್ಲವೂ ಇರುತ್ತವೆ. ಆ ವ್ಯವಸ್ಥೆಯಿಲ್ಲದ ಊರಿನಲ್ಲಿ ಕ್ಯಾರವಾನನ್ನು ಬಿಟ್ಟು ಕಾರಿನಲ್ಲಿ ಹೊರಟರೆ ಮನಸ್ಸೆಲ್ಲ ಅದರ ಬೀಗದ ಮೇಲೆಯೇ ಇರುತ್ತದೆ.

ಬಳ್ಳಾರಿ_ಬಾಡಿ_ಮೇಸ್ತ್ರಿ
ಬಸ್ಸು, ಶಾಲಾ ವಾಹನ, ಆಂಬುಲೆನ್ಸ್‌ಗಳ ಬಾಡಿ ಕಟ್ಟುವುದು ನನ್ನ ಕಸುಬು. ಎಳೆಯುವುದನ್ನು ಬಿಟ್ಟರೂ ಕೊಪ್ಪಳದ ಅಣ್ಣನವರು ಒಂದು ವಿಷಯ ಮೊದಲೇ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಹಳೆಯ ಟಿ.ಟಿ. ಕೊಂಡು ಆಸನ ಕಿತ್ತು ಮಂಚ ಹೊಡೆಸಿದರೆ, ಒಂದು ದಿನ ಅಪಘಾತವಾದಾಗ ವಿಮೆಯವರು ಕೇಳುವ ಮೊದಲ ಪ್ರಶ್ನೆಯೇ ಅದು. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ, ಅದರಡಿ ಮಂಜೂರಾದ ವಿನ್ಯಾಸವನ್ನು ಕಟ್ಟಿಕೊಡುವವರ ಬಳಿಗೇ ಹೋಗಿ. ಆರ್.ಸಿ.ಯಲ್ಲಿ ವಾಹನದ ವರ್ಗ ಏನೆಂದು ಬರುತ್ತದೆ, ಎಷ್ಟು ಆಸನವೆಂದು ಬರುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲು ಬರವಣಿಗೆಯಲ್ಲಿ ಪಡೆಯಿರಿ. ನಾನೇ ಮೇಸ್ತ್ರಿಯಾಗಿದ್ದೂ ಇಂತಹ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಮಾನ್ವಿ_ಸೊಸೆ
ಮೇಸ್ತ್ರಿಯವರೇ, ದೊಡ್ಡ ಗಾಡಿ ಓಡಿಸಲು ಲೈಸೆನ್ಸ್ ಬದಲಿಸಬೇಕೇ? ನಮ್ಮ ಮನೆಯಲ್ಲೂ ಇದೇ ಯೋಚನೆ ನಡೆದಿದೆ, ನಮ್ಮ ಯಜಮಾನರ ಬಳಿ ಕಾರಿನ ಲೈಸೆನ್ಸ್ ಮಾತ್ರ ಇದೆ.

ಬಳ್ಳಾರಿ_ಬಾಡಿ_ಮೇಸ್ತ್ರಿ
ಅಕ್ಕಾ, ಒಟ್ಟು ತೂಕ 7,500 ಕಿಲೋ ಮೀರದ ವಾಹನ ಲಘು ಮೋಟಾರು ವಾಹನದ ಲೆಕ್ಕಕ್ಕೆ ಬರುತ್ತದೆ. ಆ ಲೈಸೆನ್ಸ್ ಇದ್ದವರು ಅದೇ ತೂಕದೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಟಿ.ಟಿ. ಅಳತೆಯ ಗಾಡಿ ಆ ಮಿತಿಯೊಳಗೇ ಇರುತ್ತದೆ. ಆದರೂ ಕಾರಿನಿಂದ ನೇರವಾಗಿ ಇಷ್ಟುದ್ದದ ಗಾಡಿಗೆ ಬಂದವರು ತಿರುವಿನಲ್ಲಿ ಹಿಂದಿನ ಚಕ್ರ ಒಳಗೆ ಕೊರೆಯುವುದನ್ನು ಮರೆಯುತ್ತಾರೆ, ಸ್ವಲ್ಪ ದಿನ ಖಾಲಿ ಮೈದಾನದಲ್ಲಿ ಕೈ ಪಳಗಿಸಲಿ.

ಗಂಗಾವತಿ_ಗಿರಣಿ
ತೂಕದ ಮಾತು ಬಂದಿದ್ದರಿಂದ ಹೇಳುತ್ತೇನೆ. ಎಲ್ಲರೂ ಹಾಸಿಗೆ ಎಣಿಸುತ್ತಾರೆ, ಕಿಲೋ ಎಣಿಸುವವರು ಯಾರೂ ಇಲ್ಲ. ಒಂದು ಲೀಟರ್ ನೀರು ಒಂದು ಕಿಲೋ. ಇನ್ನೂರು ಲೀಟರಿನ ಟ್ಯಾಂಕ್ ತುಂಬಿಸಿದರೆ ಎರಡು ಕ್ವಿಂಟಲ್ ಅಕ್ಕಿ ಹೇರಿದ ಲೆಕ್ಕ. ಎಂಟು ಜನರೆಂದರೆ ಐದು ಕ್ವಿಂಟಲಿನ ಹತ್ತಿರ ಹೋಗುತ್ತದೆ. 18 ಎಂ.ಎಂ. ಪ್ಲೈವುಡ್ಡಿನ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಾಳೆ 30 ಕಿಲೋ ದಾಟುತ್ತದೆ. ಕಪಾಟು, ಮಂಚ, ಅಡುಗೆ ಕಟ್ಟೆ ಎಂದು ಹತ್ತು ಹಾಳೆ ಬಳಸಿದರೆ ಅಲ್ಲಿಗೇ ಮೂರು ಕ್ವಿಂಟಲ್. ಬ್ಯಾಟರಿ, ಸೋಲಾರ್ ಫಲಕ, ಎ.ಸಿ., ಸಿಲಿಂಡರ್ ಇನ್ನೂ ಬಾಕಿ ಇವೆ. ಆರ್.ಸಿ.ಯಲ್ಲಿ ಖಾಲಿ ತೂಕವೂ ಒಟ್ಟು ತೂಕವೂ ನಮೂದಾಗಿರುತ್ತವೆ, ಅವೆರಡರ ನಡುವಿನ ಅಂತರವಷ್ಟೇ ನಿಮ್ಮ ಪಾಲಿಗೆ ಸಿಕ್ಕಿದ್ದು.

ನಮ್ಮ ಕಡೆಯವರಿಗೆ ಒಂದು ಭಾಗ್ಯವಿದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ, ರಾಯಚೂರಿನ ಹತ್ತಿ ಜಿನ್ನಿಂಗ್‌ಗಳಲ್ಲಿ ಲಾರಿ ತೂಗುವ ವೇ ಬ್ರಿಡ್ಜ್ ಇಲ್ಲದ ಜಾಗವೇ ಇಲ್ಲ. ನೀರು, ಸಾಮಾನು ತುಂಬಿ, ಎಂಟೂ ಜನ ಕುಳಿತು ಮೊದಲು ಪೂರ್ತಿ ಗಾಡಿಯನ್ನು ತೂಗಿ, ಬಳಿಕ ಮುಂದಿನ ಚಕ್ರ ಮಾತ್ರ ಹಲಗೆಯ ಮೇಲಿಟ್ಟು, ಆಮೇಲೆ ಹಿಂದಿನದನ್ನು ಮಾತ್ರ ಇಟ್ಟು ತೂಗಿ. ಒಟ್ಟು ತೂಕ ಮಿತಿಯಲ್ಲಿದ್ದೂ ಹಿಂದಿನ ಅಚ್ಚಿನ ಮೇಲೆ ಹೊರೆ ಹೆಚ್ಚಾಗಿರುವ ಗಾಡಿಗಳನ್ನು ನಮ್ಮ ಹಲಗೆಯ ಮೇಲೆ ಕಂಡಿದ್ದೇನೆ. ಟೈರು ಒಡೆಯುವುದು ಅಂಥವುಗಳದ್ದೇ.

ರಾಯಚೂರು_ಟೀಚರಮ್ಮ
ಗಿರಣಿಯವರ ಲೆಕ್ಕ ಅಚ್ಚುಕಟ್ಟಾಗಿದೆ, ಆದರೆ ನಮ್ಮೂರಿನ ಬಿಸಿಲಿನ ಲೆಕ್ಕವನ್ನು ಯಾರೂ ಹಾಕಿಲ್ಲ. ಬೇಸಿಗೆ ರಜೆಯೆಂದರೆ ಏಪ್ರಿಲ್, ಮೇ. ರಾಯಚೂರು, ಬಳ್ಳಾರಿಯಲ್ಲಿ ಆಗ ಪಾದರಸ 40 ಡಿಗ್ರಿ ದಾಟಿ ನಿಲ್ಲುತ್ತದೆ. ತಗಡಿನ ಗಾಡಿಯಲ್ಲಿ ಎಂಟು ಜನ ಮಲಗುವುದೆಂದರೆ ಬೇಯುವುದೇ ಸರಿ. ಶಾಖ ತಡೆಯುವ ಪದರ ಹಾಕದೆ ಬರೀ ಎ.ಸಿ. ಕೂರಿಸಿ ಮಾರುವವರಿದ್ದಾರೆ. ನನ್ನ ಅಣ್ಣನ ಮಗ ಬಾಡಿಗೆಗೆ ತಂದ ಗಾಡಿಯಲ್ಲಿ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಖಾಲಿಯಾಗಿ, ಮನೆಮಂದಿಯೆಲ್ಲ ಢಾಬಾದ ಹೊರಸಿನ ಮೇಲೆ ಮಲಗಬೇಕಾಯಿತು.

ತೋರಣಗಲ್ಲು_ವೋಲ್ಟ್
ಟೀಚರಮ್ಮನವರು ಹೇಳಿದ್ದು ಮುಖ್ಯವಾದ ಮಾತು, ಲೆಕ್ಕ ನಾನು ಕೊಡುತ್ತೇನೆ. ಒಂದು ಟನ್ನಿನ ಇನ್ವರ್ಟರ್ ಎ.ಸಿ. ರಾತ್ರಿಯಿಡೀ ಸರಾಸರಿ 600ರಿಂದ 700 ವಾಟ್ ಎಳೆಯುತ್ತದೆ ಎಂದುಕೊಳ್ಳಿ. ಎಂಟು ಗಂಟೆಗೆ ಐದು ಯೂನಿಟ್ ಬೇಕು. 48 ವೋಲ್ಟಿನ ನೂರು ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸಿಗುವುದೂ ಸುಮಾರು ಐದೇ ಯೂನಿಟ್, ತೂಕ 50 ಕಿಲೋದ ಆಸುಪಾಸು. ಅದೇ ಶಕ್ತಿಯನ್ನು ಹಳೆಯ ಸೀಸದ ಬ್ಯಾಟರಿಯಿಂದ ಪಡೆಯಬೇಕಾದರೆ, ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಎರಡರಷ್ಟು ಸಾಮರ್ಥ್ಯ ಬೇಕು, ತೂಕವಂತೂ ಕೇಳಲೇಬೇಡಿ.

ಇನ್ನು ತುಂಬಿಸುವುದು. ಛಾವಣಿಯ ಮೇಲೆ 550 ವಾಟಿನ ಎರಡು ಫಲಕಗಳಿಗೆ ಜಾಗ ಸಿಗಬಹುದು. ನಮ್ಮ ಬಿಸಿಲು ಹೆಚ್ಚು, ಆದ್ದರಿಂದ ವಿದ್ಯುತ್ತೂ ಹೆಚ್ಚು ಎಂದು ಜನ ತಿಳಿದಿದ್ದಾರೆ. ಫಲಕದ ಮೈ 65 ಡಿಗ್ರಿಗೆ ಕಾದರೆ ಉತ್ಪಾದನೆ ಶೇ. 14ರಷ್ಟು ಇಳಿಯುತ್ತದೆ. ಅದಿರು ಲಾರಿಗಳ ಕೆಂಪು ಧೂಳು ಕೂತರೆ ಇನ್ನಷ್ಟು ಕಡಿಮೆ. ದಿನಕ್ಕೆ ನಾಲ್ಕು ಯೂನಿಟ್ ಬಂದರೆ ಸಾಕೆನ್ನಿ. ಅಂದರೆ ಎ.ಸಿ. ಒಂದಕ್ಕೇ ಸೋಲಾರ್ ಸಾಲದು, ಓಡುವಾಗ ಇಂಜಿನ್ನಿನಿಂದ ಅಥವಾ ನಿಂತಲ್ಲಿ 15 ಆಂಪಿಯರಿನ ಪ್ಲಗ್ಗಿನಿಂದ ತುಂಬಿಸಿಕೊಳ್ಳಲೇಬೇಕು. ಫಲಕವನ್ನು ಛಾವಣಿಗೆ ಅಂಟಿಸದೆ ನಾಲ್ಕು ಬೆರಳು ಮೇಲೆತ್ತಿ ಕೂರಿಸಿದರೆ ಫಲಕವೂ ತಂಪಾಗಿರುತ್ತದೆ, ಛಾವಣಿಗೂ ನೆರಳಾಗುತ್ತದೆ. ಬ್ಯಾಟರಿ ಒಳಗೇ ಇರಲಿ. ವಿಪರೀತ ಕಾದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟೇ ಚಾರ್ಜ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ.

ಸಿಂಧನೂರು_ಟಿಟಿ
ಎ.ಸಿ. ಏತಕ್ಕೆ? ನಮ್ಮ ಕಡೆ ಒಣ ಬಿಸಿಲು. ಕೂಲರ್ ಹಾಕಿ, ಇನ್ನೂರು ವಾಟಿನೊಳಗೆ ಮುಗಿಯುತ್ತದೆ.

ತೋರಣಗಲ್ಲು_ವೋಲ್ಟ್
ಏಪ್ರಿಲಿನಲ್ಲಿ ಒಪ್ಪುತ್ತೇನೆ. ಆದರೆ ಕೂಲರ್ ನೀರು ಕುಡಿಯುತ್ತದೆ, ಗಂಟೆಗೆ ಹಲವು ಲೀಟರ್. ಗಿರಣಿಯವರ ಎರಡು ಕ್ವಿಂಟಲ್ ನೀರನ್ನು ಕೂಲರಿಗೇ ಸುರಿಯುತ್ತೀರೋ, ಮನುಷ್ಯರಿಗೆ ಉಳಿಸುತ್ತೀರೋ? ಅದಲ್ಲದೆ ಎಂಟು ಜನರ ಉಸಿರು ತುಂಬಿದ ಮುಚ್ಚಿದ ಗಾಡಿಯಲ್ಲಿ ಕಿಟಕಿ ತೆರೆಯದೆ ಕೂಲರ್ ಹಚ್ಚಿದರೆ ಬೆಳಗಿನ ಹೊತ್ತಿಗೆ ಹೊದಿಕೆಯೆಲ್ಲ ತೇವ. ಗೋವಾ ಕಡೆ ಇಳಿದರಂತೂ ಕೂಲರ್ ಬರೀ ಫ್ಯಾನು.

ಸಿಂಧನೂರು_ಟಿಟಿ
ಗೋವಾಕ್ಕೆ ಯಾರು ಹೊರಟರು? ಅಣ್ಣನವರು ಹೇಳಿದ್ದು ಮಂತ್ರಾಲಯ, ಶ್ರೀಶೈಲ.

ಕೊಪ್ಪಳ_ಕಿರಾಣಿ
ಮಕ್ಕಳು ಗೋವಾ ಎಂದೇ ಹಟ ಹಿಡಿದಿದ್ದಾರೆ. ಇಬ್ಬರೂ ಜಗಳವಾಡಬೇಡಿ, ಎ.ಸಿ. ಇರಲಿ, ಜೊತೆಗೆ 12 ವೋಲ್ಟಿನ ಫ್ಯಾನುಗಳನ್ನೂ ಹಾಕಿಸುತ್ತೇನೆ. ಆದರೆ ಶೌಚಾಲಯದ ವಿಷಯ ಯಾರೂ ಎತ್ತಲಿಲ್ಲ. ಈ ಯೋಚನೆ ಹುಟ್ಟಿದ್ದೇ ಅದರಿಂದ. ಅಡುಗೆ ಕಟ್ಟೆಯ ಎದುರಿಗೇ ಶೌಚಾಲಯದ ಬಾಗಿಲು ಇರುವ ನಕ್ಷೆಯನ್ನು ನೋಡಿ ಅವ್ವ, ‘ನಾನು ಆ ಗಾಡಿಯಲ್ಲಿ ನೀರೂ ಮುಟ್ಟುವುದಿಲ್ಲ’ ಎಂದು ಎದ್ದು ಹೋದರು.

ಮಾನ್ವಿ_ಸೊಸೆ
ನಮ್ಮ ಅತ್ತೆಯವರೂ ಇದೇ ಮಾತು ಹೇಳಿದ್ದು! ಶೌಚಾಲಯವನ್ನು ಗಾಡಿಯ ತೀರಾ ಹಿಂದಿನ ಮೂಲೆಗೆ ತಳ್ಳಿ, ನಡುವೆ ಪೂರ್ತಿ ಎತ್ತರದ ಗೋಡೆ ಹಾಕಿ, ಅಡುಗೆ ಕಟ್ಟೆಯನ್ನು ಜಾರು ಬಾಗಿಲಿನ ಪಕ್ಕಕ್ಕೆ ತನ್ನಿ. ಇನ್ನೂ ಒಳ್ಳೆಯದೆಂದರೆ ಒಲೆಯನ್ನೇ ಹೊರಗೆ ಎಳೆದುಕೊಳ್ಳುವಂತೆ ಮಾಡಿಸುವುದು. ಒಗ್ಗರಣೆಯ ಘಾಟು ಹಾಸಿಗೆಗೆ ಹತ್ತದಿರಲಿ. ಪ್ರವಾಸದಲ್ಲಿ ನಿಜವಾಗಿ ಮಾಡುವ ಅಡುಗೆ ಎಷ್ಟು? ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮನೆಯಿಂದಲೇ ಹೊರಡುತ್ತವೆ. ಚಹಾ, ಅನ್ನ, ಒಂದು ಸಾರು, ಮಕ್ಕಳಿಗೆ ಹಾಲು, ಅಷ್ಟಕ್ಕೆ ಎರಡು ಬರ್ನರ್ ಸಾಕು. ನಾಲ್ಕು ಬರ್ನರ್, ಓವನ್ ಎಂದು ತೋರಿಸುವವರ ಮಾತಿಗೆ ಮರುಳಾಗಬೇಡಿ, ಕೊನೆಗೆ ಪಾತ್ರೆ ತೊಳೆಯುವವರು ನಾವೇ.

ಕುಷ್ಟಗಿ_ಟು_ಲೀಡ್ಸ್
ಶೌಚಾಲಯದ ಬಗ್ಗೆ. ಇಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಕ್ಯಾಸೆಟ್ ಟಾಯ್ಲೆಟ್. ಕೆಳಗಿನ ಡಬ್ಬಿಯನ್ನು ಗಾಡಿಯ ಹೊರಗಿನ ಚಿಕ್ಕ ಬಾಗಿಲಿನಿಂದ ಎಳೆದು ತೆಗೆದು ಖಾಲಿ ಮಾಡುತ್ತಾರೆ. ಆ ಡಬ್ಬಿ ಹಿಡಿಯುವುದು 18ರಿಂದ 20 ಲೀಟರ್ ಮಾತ್ರ. ಎಂಟು ಜನರು ಬಳಸಿದರೆ ದಿನ ತುಂಬುವ ಮೊದಲೇ ಅದು ತುಂಬುತ್ತದೆ, ಅದರಲ್ಲೂ ನಾವು ನೀರು ಬಳಸುವ ಜನ. ಎರಡನೆಯ ಡಬ್ಬಿ ಕೊಂಡಿಟ್ಟುಕೊಳ್ಳಿ. ಹಗಲು ಹೊತ್ತು ಹಿರಿಯರಿಗೆ ಮತ್ತು ಮಕ್ಕಳಿಗೆ ಮಾತ್ರ ಎಂಬ ಕಟ್ಟುಪಾಡು ಮಾಡಿಕೊಳ್ಳಿ, ಉಳಿದವರು ಪೆಟ್ರೋಲ್ ಬಂಕ್, ಹೋಟೆಲು ನೋಡಿಕೊಳ್ಳಲಿ.

ಎರೆಹೊಲದ_ರೈತ
ಖಾಲಿ ಮಾಡುವುದಕ್ಕೇನು, ಹೊಲಗಳು ಬಿದ್ದಿವೆ.

ರಾಯಚೂರು_ಟೀಚರಮ್ಮ
ಸ್ವಲ್ಪ ಯೋಚಿಸಿ ಬರೆಯಿರಿ. ಆ ಹೊಲದ ಬದುವಿನಲ್ಲೇ ಕಾಲುವೆ ಹರಿಯುತ್ತದೆ, ಮುಂದಿನ ಊರಿನವರು ಅದೇ ನೀರನ್ನು ಕೆರೆಗೆ ತುಂಬಿಸಿಕೊಂಡು ಕುಡಿಯುತ್ತಾರೆ. ಸೆಪ್ಟಿಕ್ ಟ್ಯಾಂಕಿಗೆ ಸೇರುವ ಶೌಚಾಲಯದಲ್ಲಿ ಮಾತ್ರ ಸುರಿಯಬೇಕು. ಉಳಿದುಕೊಳ್ಳುವ ಮಠ, ಛತ್ರ, ಲಾಡ್ಜ್ ಯಾವುದೇ ಇರಲಿ, ಮೊದಲೇ ಕೇಳಿ ಅನುಮತಿ ಪಡೆದು, ಸುರಿದ ಮೇಲೆ ಎರಡು ಬಕೆಟ್ ನೀರು ಹಾಕಿ ತೊಳೆದು ಬರಬೇಕು. ಡಬ್ಬಿಗೆ ಆ್ಯಸಿಡ್, ಫಿನಾಯಿಲ್ ಹಾಕಿದರೆ ಆ ಸೆಪ್ಟಿಕ್ ಟ್ಯಾಂಕಿನ ಕೊಳೆಸುವ ಜೀವಾಣುಗಳೇ ಸಾಯುತ್ತವೆ, ಆಮೇಲೆ ನಿಮ್ಮನ್ನು ಅಲ್ಲಿ ಯಾರೂ ಮತ್ತೆ ಸೇರಿಸುವುದಿಲ್ಲ.

ಎರೆಹೊಲದ_ರೈತ
ಆಯಿತು ಟೀಚರ್, ಮಾತು ಹಿಂದಕ್ಕೆ ಪಡೆದೆ. ಹೊಲದ ಬಗ್ಗೆ ನನಗೆ ತಿಳಿದದ್ದನ್ನಾದರೂ ಹೇಳುತ್ತೇನೆ. ಎರೆ ಭೂಮಿಯ ಮೇಲೆ ಗಾಡಿ ನಿಲ್ಲಿಸಿ ಮಲಗಬೇಡಿ. ಸಂಜೆ ಕಲ್ಲಿನಷ್ಟು ಗಟ್ಟಿಯಾಗಿದ್ದ ನೆಲ, ರಾತ್ರಿ ಒಂದು ಮಳೆ ಬಿದ್ದರೆ ಬೆಳಗ್ಗೆ ಚಕ್ರವನ್ನು ಅರ್ಧ ನುಂಗಿರುತ್ತದೆ. ಟ್ರ್ಯಾಕ್ಟರ್ ತಂದು ಎಳೆಸಬೇಕು. ಗರಸು ಹಾಕಿದ ಜಾಗ, ಕಲ್ಲು ನೆಲ, ಇಲ್ಲವೇ ಡಾಂಬರಿನ ಅಂಚು ನೋಡಿ ನಿಲ್ಲಿಸಿ. ಎರಡು ದಪ್ಪ ಹಲಗೆ ಯಾವಾಗಲೂ ಜೊತೆಯಲ್ಲಿರಲಿ, ಜ್ಯಾಕಿನ ಕೆಳಗೂ ಬೇಕಾಗುತ್ತವೆ.

ಸಂಡೂರು_ಸವಾರಿ
ಎತ್ತರವನ್ನೂ ನೋಡಿಕೊಳ್ಳಿ. ಛಾವಣಿಯ ಎ.ಸಿ., ಫಲಕ ಸೇರಿ ಗಾಡಿ ಮೂರು ಮೀಟರ್ ಮುಟ್ಟುತ್ತದೆ. ಊರುಗಳ ಸ್ವಾಗತ ಕಮಾನು, ಓಣಿಗಳಲ್ಲಿ ಜೋತುಬಿದ್ದ ಕರೆಂಟಿನ ತಂತಿ, ರೈಲ್ವೆ ಕೆಳಸೇತುವೆ, ಎಲ್ಲದಕ್ಕೂ ಲೆಕ್ಕ ಬೇಕು. ನಿಮ್ಮ ಗಾಡಿಯ ಎತ್ತರವನ್ನು ಚಾಲಕನ ಕಣ್ಣೆದುರೇ ಬರೆದು ಅಂಟಿಸಿ. ಅಂಜನಾದ್ರಿಯ ಕೆಳಗೆ, ಹಂಪಿಯಲ್ಲಿ ಛಾವಣಿಯ ಕಿಂಡಿ ತೆರೆದಿಟ್ಟು ಹೋಗಬೇಡಿ. ಮಂಗಗಳಿಗೆ ಸೊಳ್ಳೆ ಪರದೆ ಹರಿಯುವುದು ಕ್ಷಣದ ಕೆಲಸ, ಒಳಗೆ ಇಳಿದರೆ ಬಾಳೆಹಣ್ಣಿನಿಂದ ಹಿಡಿದು ಅಪ್ಪಾಜಿಯ ಮಾತ್ರೆಗಳವರೆಗೆ ಏನೂ ಉಳಿಯುವುದಿಲ್ಲ. ಮತ್ತೊಂದು ವಿಷಯ, ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಬಳಿಗೆ ಯಾವ ಗಾಡಿಯೂ ಹೋಗುವುದಿಲ್ಲ. ವಾಹನ ನಿಲ್ದಾಣದಲ್ಲಿ ಇಳಿದು ಬ್ಯಾಟರಿ ವಾಹನವನ್ನೇ ಹಿಡಿಯಬೇಕು, ಅವ್ವನವರ ಮೊಣಕಾಲಿಗೆ ಅದು ಅನುಕೂಲವೇ.

ಎರೆಹೊಲದ_ರೈತ
ನನಗೆ ಒಂದು ಅನುಮಾನ. ನಮ್ಮ ಹಿರಿಯರು ಕೊಲ್ಲಾರಿ ಬಂಡಿ ಕಟ್ಟಿಕೊಂಡು, ಅಕ್ಕಿ, ಬೇಳೆ, ಮೇವು, ಮಕ್ಕಳು ಎಲ್ಲವನ್ನೂ ಹೇರಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುತ್ತಿದ್ದರು. ರಾತ್ರಿ ಗಿಡದ ಕೆಳಗೆ ಬಂಡಿ ಬಿಟ್ಟು ಮೂರು ಕಲ್ಲಿನ ಒಲೆ ಹೂಡುತ್ತಿದ್ದರು. ಈಗ ಅದಕ್ಕೇ ಲಿಥಿಯಂ ಬೇಕಾಗಿದೆಯೇ?

ಮಾನ್ವಿ_ಸೊಸೆ
ಹಿರಿಯರ ಬಂಡಿಯಲ್ಲಿ ಹೆಂಗಸರು ಬೆಳಕು ಹರಿಯುವ ಮೊದಲೇ ಎದ್ದು ಗಿಡಗಂಟಿ ಹುಡುಕುತ್ತಿದ್ದರು ಎಂಬುದನ್ನೂ ಸೇರಿಸಿ ಬರೆಯಿರಿ ಅಣ್ಣಾ. ನಮಗೆ ಕ್ಯಾರವಾನ್ ಬೇಕಾಗಿರುವುದು ಲಿಥಿಯಂ ಆಸೆಗಲ್ಲ.

ಗಂಗಾವತಿ_ಗಿರಣಿ
ಅಕ್ಕನವರ ಮಾತಿಗೆ ಉತ್ತರವಿಲ್ಲ. ಮೂಲ ಪ್ರಶ್ನೆಗೆ ಬರೋಣ. ನೀರು ಎಷ್ಟು ಬೇಕು? ಎಂಟು ಜನ ತಲಾ ಒಂದು ಬಕೆಟ್ ಸ್ನಾನ ಮಾಡಿದರೆ ಟ್ಯಾಂಕಿನ ಬಹುಪಾಲು ಬೆಳಗ್ಗೆಯೇ ಮುಗಿಯಿತು. ಗಾಡಿಯೊಳಗಿನ ಸ್ನಾನದ ಆಸೆ ಬಿಡಿ. ನೂರು ಲೀಟರಿನ ಟ್ಯಾಂಕ್ ಕೈಕಾಲು, ಪಾತ್ರೆ, ಶೌಚಕ್ಕೆ ಸಾಕು. ಕುಡಿಯುವ ನೀರು ಬೇರೆಯದೇ ಕ್ಯಾನಿನಲ್ಲಿರಲಿ. ಕೊಪ್ಪಳ, ರಾಯಚೂರು ಸೀಮೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಊರೂರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ನಾಣ್ಯ ಹಾಕಿ 20 ಲೀಟರ್ ಹಿಡಿದುಕೊಳ್ಳಿ. ಗಡುಸು ನೀರನ್ನು ಟ್ಯಾಂಕಿಗೆ ತುಂಬುತ್ತಾ ಹೋದರೆ ಪಂಪು, ನಲ್ಲಿ, ಗೀಸರ್ ಎಲ್ಲದರಲ್ಲೂ ಬಿಳಿ ಕಿಟ್ಟ ಕಟ್ಟುತ್ತದೆ.

ಬಳ್ಳಾರಿ_ಬಾಡಿ_ಮೇಸ್ತ್ರಿ
ಇಷ್ಟೆಲ್ಲ ಕೇಳಿದ ಮೇಲೆ ನಕ್ಷೆಯ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಎಂಟು ಹಾಸಿಗೆಯ ಹಟ ಬಿಡಿ. ಎಂಟು ಆಸನ, ನಾಲ್ಕು ಹಾಸಿಗೆ ಇರಲಿ. ಎಂಟೂ ಆಸನ ಮುಂದಕ್ಕೆ ಮುಖ ಮಾಡಿರಲಿ, ಪ್ರತಿಯೊಂದಕ್ಕೂ ಬೆಲ್ಟ್ ಇರಲಿ, ಆಸನದ ಕಾಲುಗಳು ಪ್ಲೈವುಡ್ಡಿಗಲ್ಲದೆ ಗಾಡಿಯ ಚೌಕಟ್ಟಿಗೇ ಬಿಗಿದಿರಲಿ. ಓಡುವಾಗ ಹಾಸಿಗೆಯ ಮೇಲೆ ಯಾರೂ ಇರಕೂಡದು, ಮಕ್ಕಳಂತೂ ಖಂಡಿತ ಬೇಡ. ಹಿಂಭಾಗದಲ್ಲಿ ಅಪ್ಪ, ಅವ್ವನಿಗೆ ಖಾಯಂ ಮಂಚ. ಅದನ್ನು ದಿನವೂ ಮಡಚಿ ಬಿಚ್ಚುವಂತಿರಬಾರದು, ಮಧ್ಯಾಹ್ನ ಬೆನ್ನು ಚಾಚಬೇಕೆನಿಸಿದಾಗ ಮಂಚ ಸಿದ್ಧವಿರಬೇಕು. ಮಕ್ಕಳಿಗೆ ಮೇಲೆ ಕೆಳಗೆ ಎರಡು ಬಂಕ್, ಮೇಲಿನದಕ್ಕೆ ಅಡ್ಡಪಟ್ಟಿ. ನೀವು ನಾಲ್ವರು ದೊಡ್ಡವರು ಪಕ್ಕದಲ್ಲಿ ಎರಡು ಗುಡಾರ ಹಾಕಿ, ಇಲ್ಲವೇ ಅಲ್ಲಿಯೇ ಎರಡು ಕೋಣೆ ಹಿಡಿಯಿರಿ.

ಕೊಪ್ಪಳ_ಕಿರಾಣಿ
ಕೋಣೆ ಹಿಡಿಯುವುದಾದರೆ ಕ್ಯಾರವಾನ್ ಏಕೆ ಎಂದು ತಮ್ಮ ಕೇಳುತ್ತಿದ್ದಾನೆ.

ರಾಯಚೂರು_ಟೀಚರಮ್ಮ
ನಾಲ್ಕು ಕೋಣೆಯ ಬದಲು ಎರಡು ಕೋಣೆ ಆಯಿತಲ್ಲ. ಅದಕ್ಕಿಂತ ಹೆಚ್ಚಾಗಿ, ಕ್ಯಾರವಾನಿನ ಅಗತ್ಯ ರಾತ್ರಿಗಿಂತ ಹಗಲಿಗೇ ಹೆಚ್ಚು. ಶ್ರೀಶೈಲದ ಘಾಟಿನಲ್ಲಿ ಅವ್ವನವರಿಗೆ ಶೌಚಾಲಯ ಬೇಕಾದಾಗ, ಅಪ್ಪಾಜಿಯವರಿಗೆ ಸಕ್ಕರೆ ಇಳಿದು ತಕ್ಷಣ ಏನಾದರೂ ತಿಂದು ಮಲಗಬೇಕಾದಾಗ, ಅವರ ಇನ್ಸುಲಿನ್ನಿಗೆ ಫ್ರಿಜ್ ಬೇಕಾದಾಗ, ಯಾವ ಲಾಡ್ಜಿನ ಕೋಣೆಯೂ ದಾರಿಯಲ್ಲಿ ಎದುರಿಗೆ ಬರುವುದಿಲ್ಲ. ತಮ್ಮನವರು ಈ ಲೆಕ್ಕದಲ್ಲಿ ನೋಡಲಿ.

ಸಿಂಧನೂರು_ಟಿಟಿ
ನಾನು ಇನ್ನೂ ಒಪ್ಪುವುದಿಲ್ಲ. ವರ್ಷದಲ್ಲಿ ಎರಡು ರಜೆಗಾಗಿ ಇಷ್ಟು ದೊಡ್ಡ ಗಾಡಿ ಕೊಂಡು ಉಳಿದ ದಿನ ಮನೆ ಮುಂದೆ ನಿಲ್ಲಿಸಿದರೆ ವಿಮೆ, ತೆರಿಗೆ, ಟೈರು, ಬ್ಯಾಟರಿ ಎಲ್ಲವೂ ನಿಂತಲ್ಲೇ ಹಣ ತಿನ್ನುತ್ತವೆ. ಮೊದಲು ಒಂದು ರಜೆಗೆ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಕೊಡುವವರಿದ್ದಾರೆ. ಎಂಟೂ ಜನ ಅದರಲ್ಲಿ ಎರಡು ಹಗಲು, ಎರಡು ರಾತ್ರಿ ಕಳೆದು ಬಂದ ಮೇಲೂ ಪರಸ್ಪರ ಮಾತನಾಡುತ್ತಿದ್ದರೆ ಕೊಳ್ಳಿ.

ಗಂಗಾವತಿ_ಗಿರಣಿ
ನಿಂತ ಗಾಡಿಯ ಮಾತು ಬಂತು. ಅದಕ್ಕೆ ಮೊದಲ ಶತ್ರು ಹೆಗ್ಗಣ. ರಜೆ ಮುಗಿದ ದಿನವೇ ಒಂದು ಕಾಳು, ಒಂದು ಬಿಸ್ಕತ್ತಿನ ಪುಡಿಯೂ ಉಳಿಯದಂತೆ ಗುಡಿಸಿ, ವೈರುಗಳು ಹೋಗುವ ತೂತುಗಳಿಗೆ ತಂತಿಯ ಜಾಲರಿ ಬಡಿಯಿರಿ. ನೀರಿನ ಟ್ಯಾಂಕ್ ಪೂರ್ತಿ ಬಸಿದು ಒಣಗಿಸಿ. ತಿಂಗಳಿಗೊಮ್ಮೆ ನಾಲ್ಕಾರು ಕಿಲೋಮೀಟರ್ ಓಡಿಸಿದರೆ ಟೈರೂ ಒಂದೇ ಕಡೆ ಕೂರುವುದಿಲ್ಲ.

ತೋರಣಗಲ್ಲು_ವೋಲ್ಟ್
ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಬಿಡಬೇಡಿ, ಅರ್ಧದ ಆಸುಪಾಸಿನಲ್ಲಿಟ್ಟು ಮುಖ್ಯ ಸ್ವಿಚ್ ಆರಿಸಿ. ಗ್ಯಾಸಿನ ಬಗ್ಗೆಯೂ ಒಂದು ಮಾತು. ಅದು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಲೇಬೇಕು. ಮನೆಯ 14.2 ಕಿಲೋ ಸಿಲಿಂಡರನ್ನು ಹೇರಿಕೊಳ್ಳುವುದು ಬೇಡ, ಅಂಗಡಿಯಲ್ಲಿ ಸಿಗುವ 5 ಕಿಲೋದ್ದು ಒಂದು ಪ್ರವಾಸಕ್ಕೆ ಧಾರಾಳವಾಗಿ ಸಾಲುತ್ತದೆ. ಕಿಟಕಿ ಮುಚ್ಚಿ ಒಳಗೆ ಒಲೆ ಹಚ್ಚುವುದು, ಪಕ್ಕದಲ್ಲೇ ಜನರೇಟರ್ ಓಡಿಸಿ ಮಲಗುವುದು, ಎರಡೂ ಜೀವಕ್ಕೆ ಅಪಾಯ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಕೊಪ್ಪಳ_ಕಿರಾಣಿ
ಎಲ್ಲರಿಗೂ ಧನ್ಯವಾದಗಳು. ತಮ್ಮನೊಂದಿಗೆ ಕೂತು ಪೂರ್ತಿ ಓದಿದೆ. ಎಳೆಯುವ ಕ್ಯಾರವಾನ್ ಬೇಡವೆಂದು ಅವನೂ ಒಪ್ಪಿದ್ದಾನೆ, ಅವನ ಬಾಯಿ ಮುಚ್ಚಿಸಿದ್ದು ಏಳು ಆಸನದ ಪ್ರಶ್ನೆಯೇ. ಬರುವ ದಸರೆಗೆ ಬಾಡಿಗೆಗೆ ತಂದು ನೋಡುತ್ತೇವೆ, ಇಷ್ಟವಾದರೆ ಮಂಜೂರಾದ ವಿನ್ಯಾಸದ ಟಿ.ಟಿ.ಯಲ್ಲಿ ಎಂಟು ಆಸನ, ನಾಲ್ಕು ಹಾಸಿಗೆ ಎಂಬ ಮೇಸ್ತ್ರಿಯವರ ಲೆಕ್ಕದಲ್ಲೇ ಮಾಡಿಸುತ್ತೇವೆ. ಮೇಸ್ತ್ರಿಯವರೇ, ಬಾಡಿಗೆ ಗಾಡಿ ನೋಡಲು ಹೋದಾಗ ಮೊದಲು ಏನನ್ನು ಪರೀಕ್ಷಿಸಲಿ?

ಬಳ್ಳಾರಿ_ಬಾಡಿ_ಮೇಸ್ತ್ರಿ
ಅವ್ವನವರನ್ನೇ ಕರೆದುಕೊಂಡು ಹೋಗಿ, ಗಾಡಿ ಹತ್ತಿ ಇಳಿಯಲು ಹೇಳಿ. ಮೆಟ್ಟಿಲು ಏಳೆಂಟು ಇಂಚಿಗಿಂತ ಎತ್ತರವಿದ್ದರೆ ನಡುವೆ ಇನ್ನೊಂದು ಮೆಟ್ಟಿಲು ಬೇಕು. ಹಿಡಿಕೆ ಎರಡೂ ಬದಿಗೆ ಇರಬೇಕು, ಒಂದೇ ಬದಿಗಿದ್ದರೆ ಹತ್ತುವಾಗ ಒಳ್ಳೆಯ ಕಾಲಿಗೆ ಒದಗಿದ್ದು ಇಳಿಯುವಾಗ ನೋವಿನ ಕಾಲಿಗೆ ಒದಗುವುದಿಲ್ಲ. ಆಮೇಲೆ ಶೌಚಾಲಯದೊಳಗೆ ಕೂತು ಎದ್ದು ನೋಡಲಿ, ಬಾಗಿಲು ಹೊರಕ್ಕೆ ತೆರೆಯುತ್ತದೆಯೇ ನೋಡಿ. ಒಳಕ್ಕೆ ತೆರೆಯುವ ಬಾಗಿಲಿದ್ದರೆ, ಒಳಗೆ ಯಾರಾದರೂ ಕುಸಿದು ಬಿದ್ದಾಗ ಅದನ್ನು ಹೊರಗಿನಿಂದ ತೆಗೆಯಲಾಗುವುದಿಲ್ಲ.

ಮಾನ್ವಿ_ಸೊಸೆ
ದಸರೆ ಮುಗಿದ ಮೇಲೆ ಇದೇ ಎಳೆಯಲ್ಲಿ ಬರೆಯಿರಿ ಅಣ್ಣಾ. ಅತ್ತೆಯವರು ಕೇಳುತ್ತಲೇ ಇರುತ್ತಾರೆ.